ಯಾನ್ ಫ್ರೊಡೆನೊ ಅವರಿಗೆ, ಮತ್ತು ನನ್ನನ್ನು ದಡ ಮುಟ್ಟಿಸಿದವರಿಗೆ

ಕಳೆದ ಭಾನುವಾರ ರಾತ್ರಿ ಫ್ರಾಂಕ್‌ಫರ್ಟ್‌ನ ರೋಮರ್‌ಬೆರ್ಗ್ ಚೌಕದಲ್ಲಿ ನಾನು ನನ್ನ ಮೊದಲ ಪೂರ್ಣ ದೂರದ ಟ್ರಯಥ್ಲಾನ್ ಮುಗಿಸಿದೆ. ಲಾಂಗೆನ್ ಊರಿನ ಕೆರೆಯಲ್ಲಿ 3.8 ಕಿ.ಮೀ. ಈಜು, ಅಲ್ಲಿಂದ ಸುಮಾರು 180 ಕಿ.ಮೀ. ಸೈಕಲ್, ಕೊನೆಗೆ ಮೈನ್ ನದಿಯ ದಂಡೆಯಲ್ಲಿ ನಾಲ್ಕು ಸುತ್ತುಗಳಾಗಿ 42.2 ಕಿ.ಮೀ. ಓಟ, ಎಲ್ಲಕ್ಕೂ ಸೇರಿ ಹದಿನಾಲ್ಕು ಗಂಟೆಗೂ ತುಸು ಹೆಚ್ಚು ಸಮಯ ಹಿಡಿಯಿತು. ಮೂರು ವರ್ಷಗಳ ಹಿಂದೆ ಸೊಂಟದ ಡಿಸ್ಕ್ ಜಾರಿ, ಕಾಲುಚೀಲ ಹಾಕಿಕೊಳ್ಳಲೂ ಹೆಂಡತಿಯ ನೆರವು ಬೇಕಾಗಿದ್ದ ನನಗೆ ಇದು ಸಣ್ಣ ಸಂಗತಿಯಲ್ಲ. ಅಂದಿನಿಂದ ಅಭಿನಂದನೆಗಳು ಬರುತ್ತಲೇ ಇವೆ. ಅವು ಯಾರಿಗೆ ಸಲ್ಲಬೇಕೋ ಅವರಿಗೆ ತಲುಪಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ, ನನ್ನ ಹೆಸರನ್ನೂ ಕೇಳಿರದ ಒಬ್ಬರಿಗೆ. 1981ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದಲ್ಲಿ ಬೆಳೆದ ಯಾನ್ ಫ್ರೊಡೆನೊ, 2008ರ ಬೀಜಿಂಗ್ ಒಲಿಂಪಿಕ್ಸ್‌ನ ಟ್ರಯಥ್ಲಾನ್‌ನಲ್ಲಿ ಕೆನಡಾದ ಸೈಮನ್ ವಿಟ್‌ಫೀಲ್ಡ್ ಅವರನ್ನು ಕೊನೆಯ ಕ್ಷಣದ ಓಟದಲ್ಲಿ ಹಿಂದಿಕ್ಕಿ ಚಿನ್ನ ಗೆದ್ದವರು. 2012ರ ಲಂಡನ್‌ನಲ್ಲಿ ಆರನೆಯವರಾದ ಮೇಲೆ, ಎರಡು ಗಂಟೆಯೊಳಗೆ ಮುಗಿಯುವ ಆ ಪಂದ್ಯವನ್ನು ಬಿಟ್ಟು ಎಂಟು ಗಂಟೆ ನಡೆಯುವ ಐರನ್‌ಮ್ಯಾನ್ ಎಂಬ ಪೂರ್ಣ ದೂರದ ಪಂದ್ಯಕ್ಕೆ ಬಂದರು. ಆಗ ಹವಾಯಿಯ ಕೋನಾದಲ್ಲಿ ನಡೆಯುತ್ತಿದ್ದ ಅದರ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಪ್ರಯತ್ನದಲ್ಲಿ, 2014ರಲ್ಲಿ, ಸೈಕಲ್ ಪಂಕ್ಚರ್ ಆಗಿ, ನಿಯಮ ಮೀರಿದ್ದಕ್ಕೆ ದಂಡವಾಗಿಯೂ ಸಮಯ ಕಳೆದುಕೊಂಡು ಮೂರನೆಯವರಾದರು. 2015 ಮತ್ತು 2016ರಲ್ಲಿ ಗೆದ್ದರು. ಒಲಿಂಪಿಕ್ ಚಿನ್ನ ಮತ್ತು ಕೋನಾ ಕಿರೀಟ ಎರಡನ್ನೂ ಪಡೆದ ಮೊದಲಿಗರು ಅವರೇ.

ಆದರೆ ನಾನು ಋಣಿಯಾಗಿರುವುದು ಈ ಗೆಲುವುಗಳಿಗಲ್ಲ, 2017ರ ಅಕ್ಟೋಬರ್‌ನ ಒಂದು ಮಧ್ಯಾಹ್ನಕ್ಕೆ. ಆ ವರ್ಷ ಕೋನಾದಲ್ಲಿ ಓಟ ಆರಂಭವಾದ ಕೆಲವೇ ಕಿಲೋಮೀಟರ್‌ಗಳಲ್ಲಿ ಅವರ ಬೆನ್ನು ಹಿಡಿದುಕೊಂಡಿತು. ಸತತ ಎರಡು ಸಲ ಗೆದ್ದ ವ್ಯಕ್ತಿ ರಸ್ತೆಯ ಬದಿಯಲ್ಲಿ ಅಂಗಾತ ಮಲಗಿ ನೋವು ಇಳಿಸಿಕೊಳ್ಳಲು ನೋಡುತ್ತಿದ್ದರು. ಮುಂದಿನ ಪಂದ್ಯವನ್ನೂ ಮೈಯನ್ನೂ ಲೆಕ್ಕ ಹಾಕಬೇಕಾದ ವೃತ್ತಿಪರ ಕ್ರೀಡಾಪಟು ಅಂಥ ದಿನ ಹೊರನಡೆದರೆ ಯಾರೂ ತಪ್ಪು ಹೇಳುವುದಿಲ್ಲ; ಎಷ್ಟೋ ಸಲ ಅದೇ ವಿವೇಕ ಎಂದು ನಾನೂ ಒಪ್ಪುತ್ತೇನೆ. ಅವರು ಮಾತ್ರ ಎದ್ದು ನಡೆದರು, ಸ್ವಲ್ಪ ಓಡಿದರು, ಮತ್ತೆ ನಡೆದರು. ಗೆದ್ದ ಪ್ಯಾಟ್ರಿಕ್ ಲಾಂಗೆ 8 ಗಂಟೆ 1 ನಿಮಿಷದಲ್ಲಿ ಮುಗಿಸಿದ್ದರೆ, ಫ್ರೊಡೆನೊ ಗೆರೆ ದಾಟಿದಾಗ 9 ಗಂಟೆ 15 ನಿಮಿಷವಾಗಿತ್ತು. ಮರುವರ್ಷ ಮೂಳೆಯಲ್ಲಿ ಬಿರುಕು ಬಿಟ್ಟು ಅವರು ಕೋನಾಕ್ಕೆ ಹೋಗಲೇ ಆಗಲಿಲ್ಲ. 2019ರಲ್ಲಿ ಹೋದರು, 7 ಗಂಟೆ 51 ನಿಮಿಷ 13 ಸೆಕೆಂಡುಗಳಲ್ಲಿ ಆ ಮಾರ್ಗದ ದಾಖಲೆ ಬರೆದು ಗೆದ್ದರು.

ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಆ ನಡಿಗೆಯ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ನನಗೆ ಬೇಕಾಗಿದ್ದದ್ದು ಧೈರ್ಯವಲ್ಲ, ಕ್ರಮ. ದಾರಿಯಲ್ಲಿ ನೀರು ಕೊಡುವ ಮುಂದಿನ ಮೇಜಿನವರೆಗೆ ಹೋಗುವುದು, ನಿಲ್ಲುವುದು, ಅಲ್ಲಿಂದಾಚೆಗಿನದನ್ನು ಅಲ್ಲಿ ಯೋಚಿಸುವುದು. ನಾನೂ ಮನೆಯಿಂದ ಟ್ರಾಮ್ ನಿಲ್ದಾಣದವರೆಗೆ, ಕೆಲವು ವಾರಗಳ ಮೇಲೆ ಅದರಾಚೆಯ ನಿಲ್ದಾಣದವರೆಗೆ ನಡೆದೆ. ಭಾನುವಾರ ಮೂರನೆಯ ಸುತ್ತಿನಲ್ಲಿ ಸೊಂಟ ಬಿಗಿಯತೊಡಗಿದಾಗಲೂ ಸೇತುವೆಯಿಂದ ಸೇತುವೆಗೆ ಹಾಗೆಯೇ ಸಾಗಿದೆ.

ಅವರನ್ನು ಹತ್ತಿರದಿಂದ ಕಂಡದ್ದು ಒಮ್ಮೆ ಮಾತ್ರ. 2019ರ ಜೂನ್ 30ರಂದು, ಊರೆಲ್ಲ ಬಾಣಲೆಯಂತೆ ಕಾದಿದ್ದಾಗ, ಇದೇ ಫ್ರಾಂಕ್‌ಫರ್ಟ್ ಪಂದ್ಯದಲ್ಲಿ ನಾನು ಸ್ವಯಂಸೇವಕನಾಗಿ ನೀರು ಕೊಡುತ್ತಿದ್ದೆ. ಆರಡಿ ನಾಲ್ಕಂಗುಲದ ಆ ಮನುಷ್ಯ ನನ್ನೆದುರು ಹಾದುಹೋದರು, ಅಂದು ಗೆದ್ದರು. 2023ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತಮ್ಮ ಕೊನೆಯ ವಿಶ್ವ ಚಾಂಪಿಯನ್‌ಶಿಪ್ ಮುಗಿಸಿದರು. ಫ್ರೊಡೆನೊ ಅವರೇ, ಈ ಕನ್ನಡದ ಸಾಲುಗಳು ನಿಮ್ಮನ್ನು ತಲುಪಲಾರವು. ಆದರೂ ನಿಮಗೆ ನನ್ನ ನಮಸ್ಕಾರ.

ಇನ್ನು ನನ್ನವರು. ಬೆನ್ನಿನ ಒಂದೊಂದು ಸ್ನಾಯುವನ್ನೂ ಮತ್ತೆ ಕೆಲಸಕ್ಕೆ ಹಚ್ಚಿದ, ಅವಸರಪಟ್ಟಾಗಲೆಲ್ಲ ಗದರಿದ ಫಿಸಿಯೋಥೆರಪಿಸ್ಟ್ ಅವರಿಗೆ ಕೃತಜ್ಞತೆಗಳು. ಚಳಿಗಾಲದ ಬೆಳಗಿನ ಆರು ಗಂಟೆಗೆ ಈಜುಕೊಳದಲ್ಲಿ ಜೊತೆಯಾದ ಗೆಳೆಯರಿಗೆ, ಸೈಕಲ್ ಅಭ್ಯಾಸದ ಶನಿವಾರಗಳಲ್ಲಿ ಮಗಳನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡು ಊಟ ಹಾಕಿದ ಇಲ್ಲಿನ ಕನ್ನಡದ ಕುಟುಂಬಕ್ಕೆ ನಾನು ಚಿರಋಣಿ. ಹಾಸನದಲ್ಲಿ ನಡುರಾತ್ರಿಯಾದರೂ ಎಚ್ಚರವಿದ್ದು, ಪಂದ್ಯದ ಆ್ಯಪ್‌ನಲ್ಲಿ ನನ್ನ ಚುಕ್ಕೆ ಅಲುಗಾಡುವುದನ್ನೇ ಕಾಯುತ್ತ ಕುಳಿತಿದ್ದ ಅಮ್ಮನಿಗೆ, ಸಾಷ್ಟಾಂಗ ನಮಸ್ಕಾರ. ಹೆಂಡತಿಯ ಬಗ್ಗೆ ಬರೆಯಲು ಕುಳಿತರೆ ಮಾತು ಸಾಲದು. ಕೊನೆಯ ಗೆರೆಯ ಬಳಿ ಬಾಗಿ ನನ್ನ ಬೂಟಿನ ದಾರ ಬಿಚ್ಚಿದವಳು ಅವಳೇ.

ಮುಂದಿನ ವರ್ಷ ನಾನು ಸ್ಪರ್ಧಿಸುವುದಿಲ್ಲ. ನೀರು ಕೊಡುವ ಮೇಜಿಗೆ ಹೆಸರು ಕೊಡುತ್ತೇನೆ, ಕತ್ತಲಾದ ಮೇಲೆ ನಡೆದು ಬರುವವರ ಸರದಿಗೆ.