ಚುಟುಕವನ್ನು ಊಟದ ಹೊತ್ತಿಗೆ ತಳ್ಳಬೇಡ

ಮಂಗಳೂರು

ಪ್ರೀತಿಯ ಗೆಳೆಯಾ,

ಉಡುಪಿಯಲ್ಲಿ ನೀನು ಮಾಡಿಸುವ ಕವಿಗೋಷ್ಠಿಯ ಸುದ್ದಿ ಕೇಳಿ ಖುಷಿಯಾಯಿತು. ಆದರೆ ಫೋನಿನಲ್ಲಿ ಒಂದು ಮಾತು ಹೇಳಿದೆಯಲ್ಲ, "ಚುಟುಕ ಊಟಕ್ಕೆ ಮುಂಚೆ ಇಡುವ ಮಾರಾಯ, ಜನ ನಗಾಡ್ಲಿಕ್ಕೆ ಅಷ್ಟೇ" ಅಂತ. ನಾಲ್ಕು ಸಾಲಿನ ಪುಟ್ಟ ಪದ್ಯವಾದರೂ ಚುಟುಕವನ್ನು ಹಾಗೆ ನೋಡುವುದು ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಬರೆದೇ ಹೇಳುತ್ತೇನೆ.

ಚುಟುಕಬ್ರಹ್ಮ ಅಂತ ನಾವು ಕರೆಯುವ ದಿನಕರ ದೇಸಾಯಿಯವರನ್ನು ನೆನೆಸಿಕೋ. 1909ರಲ್ಲಿ ಹುಟ್ಟಿದ ಅಂಕೋಲೆ ಕಡೆಯವರು. ಮುಂಬಯಿಯಲ್ಲಿ ಎಂ.ಎ., ಕಾನೂನು ಎರಡೂ ಓದಿದರು. ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಹುದಿತ್ತು. ಅವರು ಸೇರಿದ್ದು ಗೋಖಲೆ ಕಟ್ಟಿದ ಭಾರತ ಸೇವಕ ಸಮಾಜಕ್ಕೆ. ಉತ್ತರ ಕನ್ನಡದ ಗೇಣಿ ಒಕ್ಕಲುಗಳನ್ನು ಒಟ್ಟುಗೂಡಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಹುಟ್ಟೂರಿಗೆ ಕಾಲಿಡುವ ಹಾಗಿಲ್ಲ! ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ಪರವಾಗಿ ದುಡಿದರು. ಮುಂದೆ 1967ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಹೋದರು.

ಇಂಥವರು ಯಾಕೆ ನಾಲ್ಕೇ ಸಾಲಿನ ಪದ್ಯ ಹಿಡಿದರು? ನನಗೆ ತೋರುವುದು ಇಷ್ಟು: ಗದ್ದೆಯಿಂದ ಬಂದವನಿಗೆ ಒಮ್ಮೆ ಕೇಳಿದರೆ ಬಾಯಿಗೆ ಬರಬೇಕು, ನಾಳೆ ಅವನು ಇನ್ನೊಬ್ಬನಿಗೆ ಹೇಳಬೇಕು. ಅವರ ಚೌಪದಿಯಲ್ಲಿ ಮೊದಲೆರಡು ಸಾಲು ನಮ್ಮನ್ನು ಮಾತಿಗೆ ಕೂರಿಸಿಕೊಳ್ಳುತ್ತವೆ. ಮೂರನೆಯದಕ್ಕೆ ಏನೋ ಸುಳಿವು ಸಿಗುತ್ತದೆ. ಕೊನೆಯ ಪ್ರಾಸ ಬೀಳುವಾಗ ಮಂತ್ರಿಯೋ ಪುಢಾರಿಯೋ ಸಿಕ್ಕಿಬಿದ್ದಿರುತ್ತಾನೆ. ಆ ನಗು ಬಡವನ ಕಡೆ ನಿಂತು ನಕ್ಕ ನಗು.

ತನ್ನ ದೇಹದ ಬೂದಿಯ ಬಗ್ಗೆ ಅವರು ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡು. ಐದೈದು ಮಾತ್ರೆಯ ಸಲೀಸು ನಡೆ. ಗಾಳಿಯಲ್ಲಿ ತೂರಿದ ಬೂದಿ ಭತ್ತದ ಗದ್ದೆಗೆ ಗೊಬ್ಬರವಾಗಲಿ, ಹೊಳೆಗೆ ಬಿಟ್ಟದ್ದು ಮೀನಿಗೆ ಆಹಾರವಾಗಲಿ ಅನ್ನುತ್ತಾರೆ. ಅನ್ನ, ಮೀನು: ನಮ್ಮ ಕರಾವಳಿಯವನ ಬಟ್ಟಲಲ್ಲಿ ಇರುವುದೇ ಅದು. ಸತ್ತ ಮೇಲೂ ಆ ಬಟ್ಟಲಿಗೆ ಬಂದು ಸೇರುವ ಆಸೆ ಅವರದು. ಅದನ್ನು ಓದುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಶಾಲೆಯಲ್ಲಿ ನಾವು ಹಾಡಿದ 'ಗಂಟೆಯ ನೆಂಟನೆ ಓ ಗಡಿಯಾರ'ವೂ ಅವರದೇ. ಪದ್ಯ ಎಲ್ಲರಿಗೂ ಬಾಯಿಪಾಠ, ಕವಿಯ ಹೆಸರು ಎಷ್ಟೋ ಜನರಿಗೆ ಗೊತ್ತಿಲ್ಲ. ಮಕ್ಕಳಿಗೆ ಪದ್ಯ ಬರೆದು ಸುಮ್ಮನಾಗಲಿಲ್ಲ ನೋಡು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಆ ಜಿಲ್ಲೆಯಲ್ಲಿ ಶಾಲೆಗಳನ್ನೇ ತೆರೆದರು. 1982ರಲ್ಲಿ ತೀರಿಕೊಂಡರು.

ನಮ್ಮ ಕುಂದಾಪುರ ಕಡೆಯ ಡುಂಡಿರಾಜರು ಬ್ಯಾಂಕ್ ನೌಕರಿಯ ನಡುವೆಯೇ ಹನಿಗವನವನ್ನು ಮನೆಮನೆಗೆ ಮುಟ್ಟಿಸಿದರು. ಚಿಕ್ಕ ಪದ್ಯಕ್ಕೆ ಈ ಕರಾವಳಿಯಲ್ಲಿ ಕಿವಿಗೊಡುವವರು ಯಾವಾಗಲೂ ಇದ್ದಾರೆ.

ಹಾಗಾಗಿ ಚುಟುಕವನ್ನು ಬೆಳಿಗ್ಗೆಯೇ ಇಡು, ಜನ ಹಸಿದು ಗಡಿಯಾರ ನೋಡುವ ಮೊದಲು. ಓದುವವರಿಗೆ ಒಂದೊಂದನ್ನು ಎರಡೆರಡು ಸಲ ಓದಲು ಹೇಳು. ದೇಸಾಯಿಯವರದ್ದು ನಾನು ಓದುತ್ತೇನೆ, ಮೈಕ್ ಕೊಟ್ಟರೆ ಸಾಕು.

ನಿನ್ನ ಗೆಳೆಯ