ಎಕ್ಸೆಲ್‌ನಲ್ಲಿ ಕಾಣೋದೇ ಬೇರೆ, ಒಳಗಿರೋದೇ ಬೇರೆ

ಮಾನ್ಯ ಸಂಪಾದಕರೇ,

ನಾನು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಾಲು ಸಂಘದಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರ್‌ನ ಎಕ್ಸೆಲ್ ಹಾಳೆಯಲ್ಲಿ. ಕಳೆದ ತಿಂಗಳು ನಮ್ಮ ಸಂಘದ ಒಬ್ಬ ಅಜ್ಜಿಗೆ ಎರಡು ವಾರ ಬಟವಾಡೆ ಹಣ ಬರಲಿಲ್ಲ. ಅವರಿಗಿರುವುದು ಎರಡು ಹಸು. ಹಿಂಡಿ, ಬೂಸಾ, ಮನೆ ಸಾಮಾನು ಎಲ್ಲ ಆ ದುಡ್ಡಲ್ಲೇ ಆಗಬೇಕು. ಪಾಸ್‌ಬುಕ್ ಹಿಡಿದು ಮೂರು ಸಲ ಬ್ಯಾಂಕಿಗೆ ಅಲೆದರು.

ತಪ್ಪು ಸಿಕ್ಕಿದ್ದು ನನ್ನ ಕಂಪ್ಯೂಟರ್‌ನಲ್ಲಿ. ಅವರು ಹೊಸ ಖಾತೆ ತೆರೆದಿದ್ದರು. ಅದರ ಸಂಖ್ಯೆ 16 ಅಂಕಿಯದು. ಅದನ್ನು ಹೊಸ ಹಾಳೆಯಲ್ಲಿ ಟೈಪ್ ಮಾಡಿದ್ದೆ, ಸರಿಯಾಗಿಯೇ ಮಾಡಿದ್ದೆ. ಆದರೆ ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 16ನೆಯದು ಸೊನ್ನೆ ಆಗಿಬಿಡುತ್ತದೆ. ಅಜ್ಜಿಯ ಖಾತೆಯ ಕೊನೆಯ 7 ಹೀಗೆ ಹೋಗಿತ್ತು. ಒಂದು ಎಚ್ಚರಿಕೆಯೂ ಬರಲಿಲ್ಲ. ನೋಡಲು ಕಾಲಮ್ ಅಚ್ಚುಕಟ್ಟಾಗಿತ್ತು. ಆಮೇಲೆ ಕಾಲಮ್ಮನ್ನು ಟೆಕ್ಸ್ಟ್ (ಸಂಖ್ಯೆಯಲ್ಲ, ಬರೀ ಬರಹ) ಅಂತ ಬದಲಿಸಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಕಾಲಮ್ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ಟೆಕ್ಸ್ಟ್ ಒತ್ತಬೇಕು. ಸೊನ್ನೆಯಿಂದ ಶುರುವಾಗುವ ಖಾತೆಗಳಿಗೂ ಇದೇ ದಾರಿ. ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ.

ನಾವು ಹೆದರುವುದು ಮಾತ್ರ ಬೇರೆಯದಕ್ಕೆ. ತಾರೀಕಿನ ಕಾಲಮ್ ತುಂಬ ##### ಬಂದರೆ ಫೈಲ್ ಕೆಟ್ಟಿತು ಅಂತ ಗಾಬರಿ. ಸಾಮಾನ್ಯವಾಗಿ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಕಾಲಮ್ ಅಗಲ ಸಾಲದು, ಅಷ್ಟೇ. ಮೇಲೆ ಕಾಲಮ್ಮಿನ ಅಕ್ಷರ ಇರುವ ಕಡೆ, ಅದರ ಬಲಗಡೆಯ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ತಾರೀಕು ಕಾಣುತ್ತದೆ. ಹಸುಗಳ ಕಿವಿ ಓಲೆಯ ಸಂಖ್ಯೆ 12 ಅಂಕಿಯದು. ಅದು ‘1.23457E+11’ ಅನ್ನುವ ಹಾಗೆ ಕಾಣುತ್ತದೆ. ಪಕ್ಕದ ಊರಿನ ಸಂಘದವರು ಎಲ್ಲ ಹೋಯಿತೆಂದು ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದರಂತೆ. ಸಂಖ್ಯೆ ಒಳಗೆ ಪೂರ್ತಿ ಇತ್ತು! ಫಾರ್ಮ್ಯಾಟ್‌ನಲ್ಲಿ ನಂಬರ್ ಆರಿಸಿ, ದಶಾಂಶ ಸೊನ್ನೆ ಮಾಡಿದ್ದರೆ ಸಾಕಿತ್ತು. ಆದರೆ ಹಾಗೆ ಕಾಣುತ್ತಿರುವಾಗಲೇ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಬರಹದ) ಫೈಲ್ ಆಗಿ ಸೇವ್ ಮಾಡಬೇಡಿ. ಆಗ ಕಂಡದ್ದಷ್ಟೇ ಉಳಿಯುತ್ತದೆ, ಉಳಿದದ್ದು ನಿಜಕ್ಕೂ ಹೋಗುತ್ತದೆ.

ಪೈಸೆಯ ಜಗಳವೂ ಇಂಥದ್ದೇ. ದಿನಕ್ಕೆ 133.60 ರೂಪಾಯಿಯ ಹಾಲು ಮೂರು ದಿನ ಹಾಕಿದವರಿಗೆ ಹಾಳೆಯಲ್ಲಿ 134, 134, 134 ಎಂದು ಕಂಡಿತು. ಒಟ್ಟು ಮಾತ್ರ 401. ಬಾಯಲ್ಲೇ ಕೂಡಿದವರು 402 ಅಂದರು. ಅವರು ಸುಮ್ನೆ ಕೇಳಲಿಲ್ಲ ಅಲ್ವಾ? ಒಳಗೆ ಪೈಸೆ ಇತ್ತು, ಹೊರಗೆ ಕಾಣಲಿಲ್ಲ. ಅಂದಿನಿಂದ ಪೈಸೆ ಸಮೇತ ತೋರಿಸುತ್ತಿದ್ದೇನೆ.

ಕನ್ನಡ ಹೆಸರುಗಳ ಪಾಡು ಇನ್ನೂ ಜಾಸ್ತಿ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ (ಅಕ್ಷರ ಶೈಲಿಯಲ್ಲಿ) ಟೈಪ್ ಮಾಡಿದ ಪಟ್ಟಿ ಬೇರೆ ಕಂಪ್ಯೂಟರ್‌ಗೆ ಹೋದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದೇ ಫಾಂಟ್ ಹಾಕಿಕೊಂಡು ಆರಿಸಿದರೆ ಸರಿಯಾಗುತ್ತದೆ. ಯೂನಿಕೋಡ್‌ನಲ್ಲಿರುವ (ಎಲ್ಲ ಕಂಪ್ಯೂಟರ್‌ಗೂ ಒಂದೇ ಅಕ್ಷರ ಸಂಕೇತ) ಸಿಎಸ್‌ವಿ ಫೈಲ್‌ ಮೇಲೆ ನೇರ ಕ್ಲಿಕ್ ಮಾಡಿ ತೆರೆದರೂ ಕೆಲವು ಸಲ ಹೀಗೇ ಆಗುತ್ತದೆ. ಅದಕ್ಕೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್ ಒತ್ತಿ, ಯೂನಿಕೋಡ್ ಓದುವ ಯುಟಿಎಫ್-8 ಆರಿಸಿ ತರಬೇಕು. ಎರಡೂ ನೋಡಲು ಒಂದೇ ಥರ, ಮದ್ದು ಬೇರೆ ಬೇರೆ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ಹಾಲಿನ ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆಯುವುದನ್ನು ನಮಗೆ ಕೂರಿಸಿ ಕಲಿಸಿದರು. ಎಕ್ಸೆಲ್ ಬಗ್ಗೆ ಯಾರೂ ಹೇಳಿಕೊಡಲಿಲ್ಲ. ಪಟ್ಟಿ ಕೇಳುವ ಮೇಲಿನವರು ಖಾತೆ ಸಂಖ್ಯೆಯ ಕಾಲಮ್ಮನ್ನು ಟೆಕ್ಸ್ಟ್ ಮಾಡಿಯೇ ಖಾಲಿ ಹಾಳೆ ಕಳಿಸಲಿ. ಹೆಸರುಗಳನ್ನು ಯೂನಿಕೋಡ್‌ನಲ್ಲೇ ಕೇಳಲಿ. ಸಂಘದ ಕಾರ್ಯದರ್ಶಿಗಳಿಗೆ ಅರ್ಧ ದಿನದ ತರಬೇತಿ ಕೊಡಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಅಜ್ಜಿಯ ಹಣ ಹೋದ ಶನಿವಾರ ಬಂತು. ಅದೇ ಹಾಳೆಯಲ್ಲಿ ನಾನು ಟೈಪ್ ಮಾಡಿದ್ದ ಇನ್ನೂ 11 ಜನರ ಪಾಸ್‌ಬುಕ್ ತರಿಸಿಕೊಂಡಿದ್ದೇನೆ. ಒಂದೊಂದೇ ಅಂಕಿ ಹೋಲಿಸಿ ನೋಡುತ್ತಿದ್ದೇನೆ.

– ಹಾಲು ಸಂಘವೊಂದರ ಲೆಕ್ಕ ಬರೆಯುವವಳು, ಮಂಡ್ಯ ಜಿಲ್ಲೆ