ವಾಚನಾಲಯದ ಹಾಳೆ ಅಂಟಿಸಿದವರಿಗೆ

ಗದಗಿನ ನಮ್ಮ ಓಣಿಯ ವಾಚನಾಲಯದಾಗ ಎಸ್ಸೆಸ್ಸೆಲ್ಸಿ ಮಕ್ಕಳಿಗಂತ ರಾಸಾಯನಿಕ ಸಮೀಕರಣದ ಹಾಳೆ ಅಂಟಿಸಿ, ಹೆಸರೂ ಬರೀದೆ ಹೋದವರಿಗೆ ಶರಣು.

ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಾಗುವ ಸಮೀಕರಣ ಸರಿದೂಗಿಸುವಾಗ, ಅಂದ್ರೆ ಎರಡೂ ಕಡೆ ಪರಮಾಣು ಸಮ ಮಾಡುವಾಗ, ಮಕ್ಕಳು ಸೂತ್ರದೊಳಗಿನ ಆಕ್ಸಿಜನ್ ಕೆಳಗೇ 2 ಹಾಕಿಬಿಡ್ತಾರೆ. ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಅಂಕಿ ಸೂತ್ರದ ಮುಂದೆ ಬರಬೇಕು (2H₂ + O₂ → 2H₂O) ಅಂತ ಕೆಂಪು ಶಾಯಿಯಲ್ಲಿ ಬರೆದದ್ದು ಬರೋಬರಿ.

ಅದಕ್ಕಿಂತ ಚಲೋದು ಕೊನೆಯ ಲೆಕ್ಕ. ಹೈಡ್ರೋಜನ್ 4 ಗ್ರಾಂ, ಆಕ್ಸಿಜನ್ 16 ಗ್ರಾಂ; ಯಾವುದು ಮೊದಲು ತೀರುತ್ತದೆ? ಗ್ರಾಂ ನೋಡಿದವರು ಹೈಡ್ರೋಜನ್ ಅಂತಾರೆ. ಮೋಲ್‌ಗೆ (ಕಣಗಳನ್ನು ಎಣಿಸುವ ಅಳತೆ; ಹೈಡ್ರೋಜನ್ ಆದರೆ 2 ಗ್ರಾಂ, ಆಕ್ಸಿಜನ್ ಆದರೆ 32 ಗ್ರಾಂ ಒಂದು ಮೋಲ್) ತಿರುಗಿಸಿದರೆ 2 ಮತ್ತು 0.5. ಸಮೀಕರಣದ ಪ್ರಕಾರ ಆಕ್ಸಿಜನ್ನಿನ ಎರಡರಷ್ಟು ಮೋಲ್ ಹೈಡ್ರೋಜನ್ ಬೇಕು; ಅರ್ಧ ಮೋಲ್ ಆಕ್ಸಿಜನ್‌ಗೆ 1 ಮೋಲ್ ಹೈಡ್ರೋಜನ್ ಸಾಕು. ಆಕ್ಸಿಜನ್ನೇ ಮೊದಲು ಮುಗಿದು, 18 ಗ್ರಾಂ ನೀರಾಗಿ, 2 ಗ್ರಾಂ ಹೈಡ್ರೋಜನ್ ಉಳೀತದೆ.

ಸ್ಥಾನಪಲ್ಲಟ ಕ್ರಿಯೆಗೂ (ಒಂದು ಧಾತು ಇನ್ನೊಂದನ್ನು ಅದರ ಸಂಯುಕ್ತದಿಂದ ಹೊರಹಾಕುವ ಕ್ರಿಯೆ) ಒಂದು ಹಾಳೆ ಬರಲಿ. ಗೋಂದು ನಮ್ಮದು.